ಮಾದರಿ ಮರಳಿನ ಮೂಟೆಗಳು ಅಪ್ಪಣೆಯಿಲ್ಲದೆ ತೀರ ಸೇರಿದ ಬಗ್ಗೆ

ಕಡಲತೀರ ಪುನರ್‌ನಿರ್ಮಾಣ ಇಲಾಖೆ
ಮರಳು ಮತ್ತು ಜಲ್ಲಿ ಯೋಜನಾ ವಿಭಾಗ
ಎರಡನೇ ಮಹಡಿ, ಮೆಟ್ಟಿಲಿನ ಎಡಕ್ಕೆ

ಸಂಖ್ಯೆ: ಕಪುಇ/ಮಜವಿ/ಮೂಟೆ/438/ಭಾಗ-2
ದಿನಾಂಕ: ಘಟನೆ ನಡೆದ ಮೂವತ್ತನೇ ದಿನ

ಸುತ್ತೋಲೆ

ವಿಷಯ: ಇಲಾಖೆಯ ಸುಪರ್ದಿನಲ್ಲಿದ್ದ ನಾನೂರ ಮೂವತ್ತೆಂಟು ಮೂಟೆ ಮಾದರಿ ಮರಳು ಒಂದೇ ಮಧ್ಯಾಹ್ನದಲ್ಲಿ ಕಚೇರಿಯಿಂದ ತೀರಕ್ಕೆ ಹೋಗಿರುವುದು, ಹಾಗೂ ಸಿಬ್ಬಂದಿಯ ಚಪ್ಪಲಿ, ಜೇಬು ಮತ್ತು ಕಿವಿಗಳಲ್ಲಿ ಉಳಿದಿರುವ ಮರಳಿನ ವಿಲೇವಾರಿ ಕುರಿತು.

ಉಲ್ಲೇಖ:
1. ಯೋಜನಾ ಸಮಿತಿಯ ಮೂವತ್ತೊಂದನೇ ಸಭೆಯ ನಡವಳಿ (ಅಪೂರ್ಣ).
2. ಕಟ್ಟಡ ನಿರ್ವಹಣಾ ಶಾಖೆಯ ಪತ್ರ: ‘ಎರಡನೇ ಮಹಡಿಯ ನೆಲ ಬಾಗಿರುವ ಬಗ್ಗೆ’.
3. ಅದೇ ಶಾಖೆಯ ನಂತರದ ಪತ್ರ: ‘ಸದರಿ ನೆಲ ತಾನಾಗಿಯೇ ನೆಟ್ಟಗಾಗಿರುವ ಬಗ್ಗೆ ವಿವರಣೆ ಕೋರಿ’.
4. ತೀರದ ಕೊನೆಯ ಮನೆಯ ಸೊಸೆಯ ಮೌಖಿಕ ದೂರು, ಕಿಟಕಿಯ ಕೆಳಗಿನಿಂದ ಸ್ವೀಕರಿಸಿದ್ದು.

ಪ್ರಸ್ತಾವನೆ

ಈ ಊರಿನ ತೀರದ ಮರಳು ವರ್ಷಕ್ಕೆ ಸರಾಸರಿ ಆರು ಹೆಜ್ಜೆಯಂತೆ ಕಡಲಿಗೆ ಹೋಗುತ್ತಿರುವುದನ್ನೂ, ಹಾಗೆ ಹೋಗುವಾಗ ಇಲಾಖೆಯ ಅನುಮತಿ ಪಡೆಯದಿರುವುದನ್ನೂ ಗಮನಿಸಲಾಗಿತ್ತು. ಆದ್ದರಿಂದ ಕಡಲ ತಳದ ಮರಳು ಮತ್ತು ಜಲ್ಲಿಯನ್ನು ಹಡಗಿನಿಂದ ಹೀರಿ ತಂದು ತೀರದಲ್ಲಿ ಹರಡುವ ಯೋಜನೆಯನ್ನು ಹನ್ನೊಂದು ವರ್ಷಗಳ ಹಿಂದೆ ಕೈಗೆತ್ತಿಕೊಳ್ಳಲಾಯಿತು. ಇತ್ತೀಚಿನವರೆಗೂ ಅದು ಕೈಯಲ್ಲೇ ಇತ್ತು.

ವಿಳಂಬಕ್ಕೆ ಕಾರಣ ಕಡಲ ತಳದಲ್ಲಿ ಒಂದರ ಬದಲು ಮೂರು ದಿಬ್ಬಗಳಿರುವುದು. ಮೊದಲನೇ ದಿಬ್ಬ ಹತ್ತಿರದ್ದು, ಅದರ ಮರಳು ಹಿಟ್ಟಿನಷ್ಟು ನುಣುಪು. ಎರಡನೇ ದಿಬ್ಬದಲ್ಲಿ ಜಲ್ಲಿ ಹೆಚ್ಚು. ಮೂರನೇ ದಿಬ್ಬ ಬಹಳ ದೂರ. ಯಾವುದರಿಂದ ತರಬೇಕೆಂದು ನಿರ್ಧರಿಸಲು ಸಮಿತಿಯೊಂದನ್ನು ರಚಿಸಲಾಯಿತು. ಹಡಗು ಪ್ರತಿ ಸಲ ಹೋದಾಗಲೂ ಎರಡು ಮೂಟೆ ಮಾದರಿ ತರತಕ್ಕದ್ದು, ಒಂದನ್ನು ಪರೀಕ್ಷಿಸತಕ್ಕದ್ದು, ಇನ್ನೊಂದನ್ನು ಮುಂದೆ ಯಾರಾದರೂ ತಕರಾರು ಮಾಡಿದರೆ ತೋರಿಸಲು ಬಾಯಿ ಹೊಲಿದು ಇಟ್ಟುಕೊಳ್ಳತಕ್ಕದ್ದು ಎಂದು ಸಮಿತಿ ತೀರ್ಮಾನಿಸಿತು. ಹನ್ನೊಂದು ವರ್ಷಗಳಲ್ಲಿ ಯಾರೂ ತಕರಾರು ಮಾಡಲಿಲ್ಲ. ಮೂಟೆಗಳು ಮಾದರಿ ಕೋಣೆಯನ್ನು ತುಂಬಿ ಮೊಗಸಾಲೆಗೆ ಬಂದವು, ಮೊಗಸಾಲೆಯಿಂದ ದಾಖಲೆ ಕೋಣೆಗೆ, ಅಲ್ಲಿಂದ ಮಹಿಳಾ ಸಿಬ್ಬಂದಿಯ ವಿಶ್ರಾಂತಿ ಕೋಣೆಗೆ ಹೋದವು. ಕೊನೆಗೆ ಉಪನಿರ್ದೇಶಕರ ಕೊಠಡಿಯಲ್ಲಿ ಸಂದರ್ಶಕರಿಗೆಂದು ಇದ್ದ ಮೂರು ಕುರ್ಚಿಗಳಲ್ಲಿ 402, 403 ಮತ್ತು 404ನೇ ಮೂಟೆಗಳು ಕುಳಿತವು. ಸಂದರ್ಶಕರು ನಿಂತರು.

ಮೇಲ್ಕಂಡ ಹಿನ್ನೆಲೆಯಲ್ಲಿ, ನಡೆದ ಸಂಗತಿಯನ್ನು ನಡೆದಂತೆಯೇ ದಾಖಲಿಸಿ, ಅದು ಇನ್ನೊಮ್ಮೆ ನಡೆಯದಂತೆ ಅಥವಾ ನಡೆದರೆ ಕ್ರಮಬದ್ಧವಾಗಿ ನಡೆಯುವಂತೆ ಸಕಲರಿಗೂ ತಿಳಿಯಪಡಿಸುವುದೇನೆಂದರೆ:

1. ಮಾದರಿ ಕೋಣೆಯ ಮೇಲ್ವಿಚಾರಕಿಯವರನ್ನು ಜವಾನರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ‘ಜರಡಿ ಅಕ್ಕ’ ಎಂದು ಕರೆಯುತ್ತಿದ್ದು, ಈ ಸುತ್ತೋಲೆಯಲ್ಲೂ ಹಾಗೆಯೇ ಕರೆಯಲಾಗಿದೆ. ಇವರು ಇಪ್ಪತ್ತೆರಡು ವರ್ಷಗಳಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಮರಳು ಜರಡಿ ಹಿಡಿಯುತ್ತಿದ್ದಾರೆ. ಚಿಟಿಕೆ ಮರಳನ್ನು ಬೆರಳುಗಳ ನಡುವೆ ಉಜ್ಜಿ ಅದು ಯಾವ ದಿಬ್ಬದ್ದೆಂದು ಹೇಳಬಲ್ಲರು. ಬೆರಳಿಗೆ ನಮೂನೆ-ಪತ್ರ ಇಲ್ಲದ ಕಾರಣ ಇದನ್ನು ಪರೀಕ್ಷೆಯೆಂದು ಒಪ್ಪಿರುವುದಿಲ್ಲ. ಮೂರನೇ ದಿಬ್ಬದ ಮರಳೇ ಸರಿ ಎಂದು ಅವರು ಮೊದಲ ವರ್ಷವೇ ಬಾಯಿಮಾತಿನಲ್ಲಿ ತಿಳಿಸಿದ್ದು, ಬಾಯಿಮಾತನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲವೆಂದು ಅವರಿಗೆ ಬಾಯಿಮಾತಿನಲ್ಲೇ ತಿಳಿಸಲಾಗಿತ್ತು.

2. ತೀರದ ಕೊನೆಯ ಮನೆಯಲ್ಲಿ ಮೀನುಬಲೆ ಹೆಣೆಯುವ ಅಜ್ಜ, ಅವರ ಮಗ ಮತ್ತು ಸೊಸೆ ವಾಸವಿದ್ದಾರೆ. ಅಜ್ಜನಿಗೆ ಎರಡೂ ಮಂಡಿ ಹಿಡಿದಿದ್ದು ನಡೆಯಲಾಗುವುದಿಲ್ಲ. ಮಗ ಇಲಾಖೆಯ ಹಡಗಿನಲ್ಲೇ ಅಡುಗೆಯವರು. ಸಾರ್ವಜನಿಕ ಪ್ರತಿನಿಧಿಯಾಗಿ ಅಜ್ಜನನ್ನು ಕುರ್ಚಿಸಮೇತ ಮೂವತ್ತನೇ ಸಭೆಗೆ ಹೊತ್ತು ತರಲಾಗಿದ್ದು, ಅವರ ಅಭಿಪ್ರಾಯವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನೀವು ಮರಳು ಆರಿಸೋ ಹೊತ್ತಿಗೆ ಸಮುದ್ರ ನಮ್ಮನೆ ಆರಿಸ್ಕೊಂಡಿರುತ್ತೆ ಸ್ವಾಮಿ.” ಇದನ್ನು ‘ಯೋಜನೆಗೆ ಸ್ವಾಗತ’ ಎಂಬ ಶೀರ್ಷಿಕೆಯಡಿ ಸೇರಿಸಿಕೊಳ್ಳಲಾಗಿದೆ.

3. ಘಟನೆಯ ದಿನ ಬುಧವಾರ. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ, ‘ತೀರ’ ಎಂದರೆ ಒದ್ದೆ ಮರಳೋ ಒಣ ಮರಳೋ ಎಂಬುದನ್ನು ಮೂವತ್ತೊಂದನೇ ಸಭೆ ಚರ್ಚಿಸುತ್ತಿದ್ದಾಗ, ಸಮುದ್ರವು ಸದರಿ ಮನೆಯ ಹಿತ್ತಲಿನ ಮೆಟ್ಟಿಲುಗಳನ್ನು ಒಯ್ದಿತು. ಸೊಸೆ ಓಡಿಬಂದು ಸಭಾಂಗಣದ ಕಿಟಕಿಯ ಕೆಳಗೆ ನಿಂತು, “ಸಂಜೆ ಆರಕ್ಕೆ ಭರ್ತಿ ಉಬ್ಬರ ಇದೆ. ಮಾವನ್ನ ಎತ್ತೋಕೆ ನನ್ನೊಬ್ಬಳ ಕೈಲಾಗಲ್ಲ, ಅವರು ಮನೆ ಬಿಟ್ಟು ಬರಲ್ಲ ಅಂತ ಹಟ ಹಿಡಿದಿದಾರೆ. ಆ ಮೂಟೆಗಳನ್ನ ಕೊಡ್ತೀರೋ, ಇಲ್ಲ ನಮ್ಮ ಮಾವನ್ನೇ ತಂದು ನಿಮ್ಮ ಮೇಜಿನ ಮೇಲೆ ಕೂರಿಸ್ಲೋ?” ಎಂದು ಕೂಗಿದರು. ಸಾರ್ವಜನಿಕ ಅಹವಾಲು ಸ್ವೀಕರಿಸುವ ಸಮಯ ಬೆಳಿಗ್ಗೆ ಹತ್ತರಿಂದ ಹನ್ನೊಂದು ಎಂದು ಫಲಕದಲ್ಲಿ ಬರೆದಿರುವುದನ್ನು ಅವರ ಗಮನಕ್ಕೆ ತರಲಾಯಿತು. ಅವರು ಫಲಕವನ್ನು ಓದಲಿಲ್ಲ. ಅಳುತ್ತಿದ್ದರು.

4. ಆಗ ಜರಡಿ ಅಕ್ಕ ಸಭೆಯ ಅಪ್ಪಣೆಯಿಲ್ಲದೆ ಎದ್ದು, ಒಂದನೇ ಮೂಟೆಯನ್ನು ಸೊಂಟಕ್ಕೇರಿಸಿಕೊಂಡು ಹೊರಟರು. ಹೊರಹೋಗುವ ಸಾಮಗ್ರಿಗೆ ನಮೂನೆ-9 ತುಂಬಬೇಕೆಂದು ದಾಸ್ತಾನು ಗುಮಾಸ್ತರು ನೆನಪಿಸಲಾಗಿ, “ಫಾರಂ ನೀನು ಬರೀತಿರು, ಮೂಟೆ ನಾನು ಹೊರ್ತಿರ್ತೀನಿ. ಯಾರು ಮೊದಲು ಮುಗಿಸ್ತಾರೋ ನೋಡೇಬಿಡಾಣ” ಎಂದರು. ಮೂಟೆಗಳು ಅದೇ ದಿನ ಸಂಜೆ ಐದೂವರೆಗೆ ಮುಗಿದವು. ನಮೂನೆ-9 ಮುಂದಿನ ಸೋಮವಾರ ಮುಗಿಯಿತು.

5. ಅಕ್ಕ ಎರಡನೇ ಮೂಟೆಗೆ ಬರುವಷ್ಟರಲ್ಲಿ ಬೆರಳಚ್ಚುಗಾರ್ತಿ ಎದ್ದಿದ್ದರು, ಮೂರನೆಯದಕ್ಕೆ ಜೀಪು ಚಾಲಕ, ಐದನೆಯದಕ್ಕೆ ಸಮಿತಿಯ ಭೂವಿಜ್ಞಾನಿ. ಎರಡನೇ ಮಹಡಿಯಿಂದ ಮೆಟ್ಟಿಲಿಳಿದು, ಸೈಕಲ್ ನಿಲ್ದಾಣ ಹಾಯ್ದು, ರಸ್ತೆ ದಾಟಿ, ಕೊನೆಯ ಮನೆಯವರೆಗೆ ನಲವತ್ತೊಂದು ಮಂದಿಯ ಕೈಸರಪಳಿ ಏರ್ಪಟ್ಟಿತು. ಎದುರಿನ ಅಂಗಡಿಯ ಕ್ಷೌರಿಕರೂ, ಅರ್ಧ ಮುಖಕ್ಕೆ ಮಾತ್ರ ಕ್ಷೌರವಾಗಿದ್ದ ಅವರ ಗಿರಾಕಿಯೂ ಇದರಲ್ಲಿ ಸೇರಿದ್ದರು. ಇಬ್ಬರೂ ಇಲಾಖೆಯ ಸಿಬ್ಬಂದಿಯಲ್ಲವಾದ್ದರಿಂದ ಅವರು ಹೊತ್ತ ಮೂಟೆಗಳನ್ನು ಹೊತ್ತಿಲ್ಲವೆಂದೇ ಭಾವಿಸತಕ್ಕದ್ದು.

6. ಸರಪಳಿಯ ಹದಿನಾಲ್ಕನೇ ಸ್ಥಾನದಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ಉಪನಿರ್ದೇಶಕರ ದರ್ಜೆಯ ಅಧಿಕಾರಿಯೊಬ್ಬರು ಕೋಟು ಕಳಚಿ ನಿಂತಿದ್ದರೆಂದು ಹಲವರು ಹೇಳಿಕೆ ನೀಡಿದ್ದಾರೆ. ಈ ವಿಭಾಗದಲ್ಲಿ ಆ ದರ್ಜೆಯ ಹುದ್ದೆ ಒಂದೇ ಇರುತ್ತದೆ. ಗುರುತು ಪತ್ತೆಹಚ್ಚಲು ತನಿಖೆಗೆ ಆದೇಶಿಸಿ, ಈ ಕೆಳಗೆ ಸಹಿ ಮಾಡಿರುವವರನ್ನೇ ತನಿಖಾಧಿಕಾರಿಯಾಗಿ ನೇಮಿಸಲಾಗಿದೆ. ಆರೋಪಿಯು ತನಿಖೆಗೆ ಪೂರ್ಣ ಸಹಕಾರ ನೀಡುತ್ತಿದ್ದಾರೆ. ಜರಡಿ ಅಕ್ಕ “ಸಾರ್, ಹಿಡ್ಕೊಳ್ಳಿ” ಎಂದರೆಂದೂ, ಅದು ಆದೇಶದ ಧ್ವನಿಯಲ್ಲಿದ್ದುದರಿಂದ ಹಿಡಿದುಕೊಳ್ಳಲಾಯಿತೆಂದೂ, ಆಮೇಲೆ ಬಿಡಲು ಮನಸ್ಸಾಗಲಿಲ್ಲವೆಂದೂ ಅವರು ಲಿಖಿತವಾಗಿ ತಿಳಿಸಿದ್ದಾರೆ.

7. ಆರು ಗಂಟೆ ಹತ್ತು ನಿಮಿಷಕ್ಕೆ ಉಬ್ಬರ ಮೂಟೆಗಳವರೆಗೆ ಬಂದು ನಿಂತಿತು. ಹೊಸ್ತಿಲು ಒದ್ದೆಯಾಯಿತು, ಅಜ್ಜನ ಮಡಿಲಲ್ಲಿದ್ದ ಬಲೆ ಒದ್ದೆಯಾಗಲಿಲ್ಲ. ಆ ಹೊತ್ತಿನಲ್ಲಿ ಮನೆಯ ಮಗ ಮೂರನೇ ದಿಬ್ಬದ ಮೇಲೆ ನಿಂತ ಹಡಗಿನಲ್ಲಿ ನಾನೂರ ಮೂವತ್ತೊಂಬತ್ತನೇ ಮೂಟೆಯ ಬಾಯಿ ಹೊಲಿಯುತ್ತಿದ್ದರು. ತಂತಿಯಿಲ್ಲದ ದೂರವಾಣಿಯಲ್ಲಿ ಅವರ ಹೆಂಡತಿ ನೀಡಿದ ವರದಿ ಹೀಗಿದೆ: “ಮನೆ ಇದೆ. ಮಾವ ಇದಾರೆ. ನಿಮ್ಮ ಆಫೀಸಿನೋರೆಲ್ಲ ನಮ್ಮ ಜಗಲಿ ಮೇಲೆ ಸುಸ್ತಾಗಿ ಬಿದ್ಕೊಂಡಿದಾರೆ.” ಇಲಾಖೆಗೆ ಇಷ್ಟು ಚಿಕ್ಕದೂ ಸ್ಪಷ್ಟವೂ ಆದ ವರದಿ ಇದುವರೆಗೆ ಬಂದಿರುವುದಿಲ್ಲ. ಇನ್ನು ಮುಂದೆ ಎಲ್ಲ ವರದಿಗಳೂ ಇದೇ ಮಾದರಿಯಲ್ಲಿ, ಆದರೆ ಮೂರು ಪ್ರತಿಗಳಲ್ಲಿ ಇರತಕ್ಕದ್ದು.

8. ಸದರಿ ಮೂಟೆಗಳು ಕಳೆದುಹೋಗಿಲ್ಲವಾದ್ದರಿಂದಲೂ, ಕಚೇರಿಯಲ್ಲೂ ಇಲ್ಲವಾದ್ದರಿಂದಲೂ, ಕೊನೆಯ ಮನೆಯ ಹಿತ್ತಲನ್ನು ಮಾದರಿ ಕೋಣೆಯ ಮುಂದುವರಿದ ಭಾಗವೆಂದು ಘೋಷಿಸಲಾಗಿದೆ. ತತ್ಪರಿಣಾಮವಾಗಿ,
(ಅ) ಹಿತ್ತಲಿಗೆ ಬಂದುಹೋಗುವವರೆಲ್ಲರೂ ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡತಕ್ಕದ್ದು. ಸಮುದ್ರವು ದಿನಕ್ಕೆರಡು ಸಲ ಬಂದುಹೋಗುತ್ತಿರುವುದರಿಂದ ಅದಕ್ಕೂ ಈ ನಿಯಮ ಅನ್ವಯ. ಸಹಿ ಬಾರದಿದ್ದಲ್ಲಿ, ಗೋಡೆಯ ಮೇಲೆ ಅದು ಬಿಟ್ಟುಹೋಗುವ ಒದ್ದೆ ಗೆರೆಯನ್ನು ಹೆಬ್ಬೆಟ್ಟಿನ ಗುರುತೆಂದು ಪರಿಗಣಿಸತಕ್ಕದ್ದು.
(ಆ) ಪುಸ್ತಕದ ‘ಭೇಟಿಯ ಉದ್ದೇಶ’ ಎಂಬ ಅಂಕಣವನ್ನು ಅಜ್ಜನೇ ತುಂಬುತ್ತಿದ್ದು, ಈವರೆಗೆ ‘ಸುಮ್ನೆ ನೋಡ್ಕೊಂಡ್ ಹೋಗೋಕೆ’ ಎಂದೇ ಬರೆದಿದ್ದಾರೆ. ಇದು ಸಮಾಧಾನಕರ.

9. ಆ ದಿನ ಸಿಬ್ಬಂದಿಯ ಮೈಮೇಲೆ ಅಂಟಿಕೊಂಡ ಮರಳನ್ನು ‘ಪ್ರಯಾಣದಲ್ಲಿರುವ ಮರಳು’ ಎಂದು ವರ್ಗೀಕರಿಸಲಾಗಿದೆ. ಚಪ್ಪಲಿ, ಜೇಬು, ಕಿವಿ ಹಾಗೂ ಊಟದ ಡಬ್ಬಿಗಳಲ್ಲಿ ಉಳಿದದ್ದನ್ನು ದಿಬ್ಬವಾರು ವಿಂಗಡಿಸಿ, ಲಕೋಟೆಯಲ್ಲಿಟ್ಟು ಒಪ್ಪಿಸತಕ್ಕದ್ದು. ಕಣ್ಣಿಗೆ ಬಿದ್ದ ಮರಳಿಗೆ ಕಣ್ಣೀರಿನ ಮೂಲಕ ವಾಪಸಾತಿಗೆ ಹದಿನೈದು ದಿನಗಳ ಕಾಲಾವಕಾಶವಿದೆ. ತಲೆಗೂದಲಲ್ಲಿ ಮರಳಿರುವವರು ಇತ್ಯರ್ಥವಾಗುವವರೆಗೆ ತಲೆ ಕೆರೆದುಕೊಳ್ಳುವಂತಿಲ್ಲ. ಯೋಜನಾ ಶಾಖೆಯವರಿಗೆ ಮಾತ್ರ, ಕೆಲಸದ ಸ್ವರೂಪ ಗಮನಿಸಿ, ವಿನಾಯಿತಿ ನೀಡಲಾಗಿದೆ.

10. ಜರಡಿ ಅಕ್ಕನವರಿಗೆ ಏಳು ಪ್ರಶ್ನೆಗಳ ಕಾರಣ ಕೇಳುವ ನೋಟಿಸು ನೀಡಲಾಗಿತ್ತು. ನೌಕರಿ ಹೋಗಬಹುದೆಂದು ಅದರ ಕೊನೆಯ ಸಾಲಿನಲ್ಲಿ ಸೂಚಿಸಲಾಗಿತ್ತು. ಏಳಕ್ಕೂ ಸೇರಿಸಿ ಅವರು ಒಂದೇ ಉತ್ತರ ಬರೆದರು: “ಎತ್ತಿದ್ದು ನಾನೇ. ವಾಪಸ್ ತರ್ತೀನಿ. ಆ ಮನೆ ಬಿದ್ರೂ ಪರವಾಗಿಲ್ಲ ಅಂತ ಯಾರಾದ್ರೂ ಸಹಿ ಮಾಡಿ ಕೊಡಿ.” ಈ ಉತ್ತರವನ್ನು ಸಹಿಗಾಗಿ ನಾಲ್ಕು ಶಾಖೆಗಳಿಗೆ ಕಳುಹಿಸಲಾಯಿತು. ಒಂದು ಶಾಖೆಯ ಮುಖ್ಯಸ್ಥರು ರಜೆಯ ಮೇಲಿದ್ದರು, ಇನ್ನೊಬ್ಬರು ‘ಚರ್ಚಿಸಿ’ ಎಂದು ಬರೆದರು, ಮತ್ತೊಬ್ಬರ ಪೆನ್ನಿನಲ್ಲಿ ಶಾಯಿಯಿರಲಿಲ್ಲ. ನಾಲ್ಕನೆಯವರು ಕಡತವನ್ನು ಮುಚ್ಚಿ, ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ಯಾರೂ ಸಹಿ ಮಾಡದ ಕಾರಣ ನೋಟಿಸು ತಾನಾಗಿಯೇ ಬಿದ್ದುಹೋಗಿದೆ.

11. ಹತ್ತನೇ ದಿನ ಹಿತ್ತಲನ್ನು ಪರಿಶೀಲಿಸಲಾಗಿ, ಈ ಕೆಳಗಿನಂತೆ ಕಂಡುಬಂದಿದೆ. ಎಡಗಡೆ ಇಟ್ಟಿದ್ದ ಮೊದಲನೇ ದಿಬ್ಬದ ಮೂಟೆಗಳು ಹರಿದು, ಒಳಗಿನ ಮರಳು ಪೂರ್ತಿ ತೊಳೆದುಹೋಗಿದೆ. ನಡುವಿನ ಎರಡನೇ ದಿಬ್ಬದ ಜಲ್ಲಿ ಉಳಿದಿದೆಯಾದರೂ, ಅಲೆ ಬಂದಾಗಲೆಲ್ಲ ಉರುಳಿ ಬಂದು ನೆಂಟರ ಹಾಗೆ ಬಾಗಿಲು ಬಡಿಯುತ್ತಿದೆ. ಬಲಗಡೆಯ ಮೂರನೇ ದಿಬ್ಬದ ಮೂಟೆಗಳೂ ಹರಿದಿವೆ, ಆದರೆ ಮರಳು ಹಾಕಿದ ಜಾಗದಲ್ಲೇ ಕುಳಿತಿದೆ. ಮೂಟೆಗಳನ್ನು ಹೀಗೆ ದಿಬ್ಬವಾರು ಪಕ್ಕಪಕ್ಕ ಜೋಡಿಸಿದ್ದು ಆಕಸ್ಮಿಕವೇ ಎಂದು ಅಕ್ಕನವರನ್ನು ವಿಚಾರಿಸಲಾಗಿ, “ಹನ್ನೊಂದು ವರ್ಷ ನನ್ನ ಬಾಯಲ್ಲಿ ಹೇಳ್ದೆ, ಯಾರೂ ಬರ್ಕೊಳ್ಳಿಲ್ಲ. ಹೇಗೂ ಇಡ್ತಿದೀನಲ್ಲ, ಸಮುದ್ರದ ಬಾಯಲ್ಲೇ ಹೇಳಿಸಾಣ ಅಂತ ಹಾಗೆ ಇಟ್ಟೆ” ಎಂದರು.

12. ಎರಡನೇ ದಿಬ್ಬದ ಕಲ್ಲುಗಳ ಸಂದಿಯಲ್ಲಿ ಒಣಗಿದ ಮೀನುಮೊಟ್ಟೆಯ ಸಿಪ್ಪೆಗಳು ಕಂಡುಬಂದಿವೆ. ಅಜ್ಜ ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, “ಮೀನು ಮೊಟ್ಟೆಯಿಡೋ ಜಾಗ ಅದು. ಅಲ್ಲಿ ಅಗೆದ್ರೆ ನಿಮಗೆ ತೀರವೇನೋ ಸಿಗುತ್ತೆ, ಮೀನು ಸಿಗಲ್ಲ. ಆಮೇಲೆ ನಾನು ಬಲೆ ಹೆಣೆದು ಯಾರ ಕೈಗೆ ಕೊಡ್ಲಿ?” ಎಂದು ಕೇಳಿದರು. ಎರಡನೇ ದಿಬ್ಬವನ್ನು ಯೋಜನೆಯಿಂದ ಕೈಬಿಡಲಾಗಿದೆ. ಅಲ್ಲಿನ ಮೀನುಗಳಿಗೆ ಪ್ರತ್ಯೇಕವಾಗಿ ತಿಳಿಸುವ ಅಗತ್ಯವಿಲ್ಲ.

13. ಸಮುದ್ರವು ಸಮಿತಿಯ ಸದಸ್ಯನಲ್ಲವಾದ್ದರಿಂದ ಮೇಲಿನ ಫಲಿತಾಂಶವನ್ನು ಫಲಿತಾಂಶವೆಂದು ಪರಿಗಣಿಸತಕ್ಕದ್ದಲ್ಲ. ಆದಾಗ್ಯೂ, ಹನ್ನೆರಡನೇ ದಿನ ಸೇರಿದ ಮೂವತ್ತೆರಡನೇ ಸಭೆಯು ಸಂಪೂರ್ಣ ಸ್ವತಂತ್ರವಾಗಿ, ಒಂಬತ್ತು ನಿಮಿಷಗಳಲ್ಲಿ, ಮೂರನೇ ದಿಬ್ಬವೇ ಸೂಕ್ತವೆಂಬ ತೀರ್ಮಾನಕ್ಕೆ ಬಂದಿದೆ. ಹಡಗು ಕಳೆದ ವಾರದಿಂದ ಮರಳು ಹೀರಿ, ಕೊಳವೆಯ ಮೂಲಕ ದಡಕ್ಕೆ ಉಗಿಯುತ್ತಿದ್ದು, ಈ ಸುತ್ತೋಲೆ ಹೊರಡಿಸುವ ವೇಳೆಗೆ ಕೊನೆಯ ಮನೆಗೂ ನೀರಿಗೂ ನಡುವೆ ಇಪ್ಪತ್ತಾರು ಹೆಜ್ಜೆ ಮರಳಿರುತ್ತದೆ. ಹೆಜ್ಜೆ ಹಾಕಿ ಅಳೆದವರು ಸೊಸೆ. ಅವರ ಹೆಜ್ಜೆ ಚಿಕ್ಕದೆಂಬ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

14. ಶಿಸ್ತು ಉಲ್ಲಂಘನೆಗೆ ಏನಾದರೊಂದು ಶಿಕ್ಷೆ ಆಗಲೇಬೇಕಾಗಿರುವುದರಿಂದ, ಜರಡಿ ಅಕ್ಕನವರನ್ನು ಮಾದರಿ ಕೋಣೆಯಿಂದ ತೆಗೆದು ಹಡಗಿನ ತೆರೆದ ಡೆಕ್ಕಿಗೆ ವರ್ಗಾಯಿಸಲಾಗಿದೆ. ಬರುವ ಮರಳನ್ನು ಬೆರಳಿನಿಂದ ಉಜ್ಜಿ ‘ಸರಿ’ ಅಥವಾ ‘ಬೇಡ’ ಎನ್ನುವುದು ಅವರ ಕರ್ತವ್ಯ. ಬೆರಳಿಗೆ ನಮೂನೆ-27 ಮಂಜೂರಾಗಿದೆ. ಆದೇಶ ಕೈಗೆ ಬಂದಾಗ ಅವರು ಜೋರಾಗಿ ನಕ್ಕಿದ್ದನ್ನು ಶಿಸ್ತಿನ ದೃಷ್ಟಿಯಿಂದ ಗಮನಿಸಲಾಗಿದೆ.

ಈ ಸೂಚನೆಗಳನ್ನು ಓದಿದವರು ಪಾಲಿಸತಕ್ಕದ್ದು, ಓದದವರು ಓದಿದವರನ್ನು ನೋಡಿ ಪಾಲಿಸತಕ್ಕದ್ದು.

(ಸಹಿ)
ಉಪನಿರ್ದೇಶಕರು
ಮರಳು ಮತ್ತು ಜಲ್ಲಿ ಯೋಜನಾ ವಿಭಾಗ
(ಎಡಗೈಯಿಂದ. ಬಲ ಭುಜ ಉಳುಕಿದೆ.)

ಪ್ರತಿಗಳು:
1. ನಿರ್ದೇಶಕರಿಗೆ, ಮಾಹಿತಿಗಾಗಿ. ಓದಬೇಕೆಂದಿಲ್ಲ.
2. ಕಟ್ಟಡ ನಿರ್ವಹಣಾ ಶಾಖೆಗೆ, ನೆಲ ನೆಟ್ಟಗಾದುದಕ್ಕೆ ವಿಷಾದಿಸುತ್ತಾ.
3. ಹಡಗಿನ ಅಡುಗೆಯವರಿಗೆ, ಇನ್ನು ಮುಂದೆ ಮೂಟೆ ಹೊಲಿಯಬೇಕಾಗಿಲ್ಲ ಎಂಬ ಸೂಚನೆಯೊಂದಿಗೆ.
4. ಎದುರಿನ ಅಂಗಡಿಯ ಕ್ಷೌರಿಕರ ಗಿರಾಕಿಗೆ, ಉಳಿದರ್ಧದ ಬಗ್ಗೆ ಕ್ಷಮೆ ಕೋರಿ.
5. ಸೂಚನಾ ಫಲಕಕ್ಕೆ.
6. ಉಪನಿರ್ದೇಶಕರ ತಾಯಿಯವರಿಗೆ: “ದಿನಾ ಅಲ್ಲಿಗೆ ಹೋಗಿ ನೀನು ಮಾಡೋದಾದ್ರೂ ಏನೋ ಮಗನೇ?” ಎಂಬ, ಹಲವು ವರ್ಷಗಳಿಂದ ಬಾಕಿಯಿರುವ ಅವರ ಮೌಖಿಕ ಪ್ರಶ್ನೆಗೆ ಉತ್ತರವಾಗಿ.