ಹುಳಿನೀರಿನ ಬೀಗರು

ಎಲ್ಲ ಕೆಟ್ಟಿದ್ದು ಒಂದು ಬ್ರಷ್ಷಿನಿಂದ.

ಆರೋಗ್ಯ ಕಚೇರಿಯಿಂದ ಬಂದ ಕನ್ನಡಕದ ಹುಡುಗನೊಬ್ಬ ಲುವಾನನ ಶ್ಯಾವಿಗೆ ಮನೆಗೆ ನುಗ್ಗಿ, ಮೂಲೆಯಲ್ಲಿದ್ದ ಮಣ್ಣಿನ ಹರವಿಯೊಳಗೆ ಮೂಗು ತೂರಿಸಿ, "ಏನ್ರೀ ಇದು ಗಬ್ಬುನಾತ? ತೊಳೀರಿ ಇದನ್ನ!" ಎಂದು ಗದರಿಸಿ ಹೋದ. ಆ ಗಬ್ಬುನಾತವೇ ಲುವಾನನ ಅನ್ನ ಎಂದು ಅವನಿಗೆ ಯಾರು ಹೇಳಬೇಕು? ಹೆಸರುಕಾಳು ನೆನೆಸಿ, ಅರೆದು, ಸೋಸಿದ ಹಾಲಿಗೆ ಹಳೆಯ ಹುಳಿನೀರು ಬೆರೆಸಿದರೆ ಮಾತ್ರ ಬಿಳಿ ಹಿಟ್ಟು ಶುದ್ಧವಾಗಿ ತಳಕ್ಕೆ ಕೂರುತ್ತದೆ. ಆ ಹಿಟ್ಟಿನ ಶ್ಯಾವಿಗೆ ಕುದಿಯುವ ನೀರಲ್ಲಿ ಎಷ್ಟು ಹೊತ್ತು ಈಜಿದರೂ ತುಂಡಾಗುವುದಿಲ್ಲ. ಮೊಸರಿಗೆ ಹೆಪ್ಪು ಇದ್ದ ಹಾಗೆ, ಇವತ್ತಿನ ಹುಳಿನೀರಿನಿಂದಲೇ ನಾಳೆಯದು ಹುಟ್ಟಬೇಕು. ಕಚೇರಿಯವರಿಗೆ ಹುಳಿಯೂ ಒಂದೇ ಕೊಳೆಯೂ ಒಂದೇ. ದಂಡ ಹಾಕಿಬಿಟ್ಟಾರೆಂಬ ಹೆದರಿಕೆಗೆ ಲುವಾನ್ ಸೋಪಿನಪುಡಿ ಸುರಿದು, ಹೊಸ ಬ್ರಷ್ ಹಿಡಿದು, ಅಜ್ಜನ ಕಾಲದಿಂದ ಉಸಿರಾಡುತ್ತಿದ್ದ ಹರವಿಯನ್ನು ಉಜ್ಜಿ ಉಜ್ಜಿ ಕೊಂದುಹಾಕಿದ.

ಅಂದಿನಿಂದ ಅವನ ಶ್ಯಾವಿಗೆ ಬಿಸಿನೀರು ಕಂಡೊಡನೆ ಗಂಜಿಯಾಗುತ್ತಿತ್ತು.

ಹೆಪ್ಪಿಗೆ ಒಂದು ಲೋಟ ಕಡ ತರೋಣವೆಂದರೆ, ಆ ಊರಿನ ಜನ ಮನೆ ಬೇಕಾದರೂ ಕೊಟ್ಟಾರು, ಹುಳಿನೀರು ಕೊಡಲಾರರು. ಕೊಟ್ಟರೆ ನೆಂಟರಿಗೆ, ಅದೂ ಮದುವೆಯ ಹೊತ್ತಿಗೆ ಬೀಗರಿಂದ ಬೀಗರಿಗೆ ಒಂದು ಗಡಿಗೆ. ಪಕ್ಕದ ಮನೆಯ ಜಿಯಾಂಗನ ಅಂಗಳದಲ್ಲೇನೋ ಕೋಲುಗಳ ತುಂಬ ಶ್ಯಾವಿಗೆ ಮುದುಕಿಯ ಬಿಳಿಕೂದಲಿನಂತೆ ಗಾಳಿಗೆ ಓಲಾಡುತ್ತಿತ್ತು. ಆದರೆ ಬೇಲಿ ದಾಟಿ ಬಂದ ಸೇಬಿನ ಕೊಂಬೆಯೊಂದರ ವಿಷಯವಾಗಿ ಅವನಿಗೂ ಲುವಾನನಿಗೂ ಮಾತು ನಿಂತು ವರ್ಷಗಳಾಗಿದ್ದವು.

ಹಾಗಾಗಿ ಲುವಾನ್ ಮಗಳು ಶಾವ್‌ಮಾನಳಿಗೆ ಗಂಡು ನೋಡಿದ. ಪಟ್ಟಣದ ಸೊಂಗ್ ಮನೆತನ. ಸೊಂಗನಿಗೆ ಈಗ ಯಂತ್ರದ ಶ್ಯಾವಿಗೆ ಕಾರ್ಖಾನೆ ಇದೆ, ನಿಜ. ಆದರೆ ಅವನ ಅಪ್ಪನ ಹುಳಿನೀರಿನ ಹೆಸರು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು. "ಹಿತ್ತಲಲ್ಲಿ ಹರವಿ ಹಾಗೇ ಇದೆಯಪ್ಪಾ, ಈ ಕಣ್ಣಾರೆ ನೋಡಿದೀನಿ" ಎಂದು ಮದುವೆ ಕೂಡಿಸುವ ಚೂ ಅತ್ತೆ ಆಣೆ ಇಟ್ಟಳು.

"ಅಪ್ಪಾ, ಇದು ನನ್ನ ಮದುವೆನಾ, ಹರವಿ ಮದುವೆನಾ?" ಎಂದಳು ಮಗಳು.

"ಯಾಕೆ, ಹುಡುಗ ಇಷ್ಟ ಇಲ್ವೇನೇ?"

"ನಂಗೆ ಇಷ್ಟಾನೇ. ಎರಡು ವರ್ಷದಿಂದ ಫೋನಲ್ಲಿ ಮಾತಾಡ್ತಿದೀವಿ. ನಿಂಗೆ ಅವನ ಹೆಸರಾದ್ರೂ ಗೊತ್ತಾ ಅಂತ ಕೇಳ್ದೆ."

ಲುವಾನನಿಗೆ ಗೊತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಬೀಗರು ಊಟಕ್ಕೆ ಬರುವವರಿದ್ದರು. ಶ್ಯಾವಿಗೆ ಮಾಡುವ ಮನೆಗಳಲ್ಲಿ ಹೆಣ್ಣು ನೋಡುವುದೆಂದರೆ ಹೆಣ್ಣನ್ನು ನೋಡುವುದಲ್ಲ. ಗಂಡಿನ ಅಪ್ಪ ಬಟ್ಟಲಿನಿಂದ ಒಂದು ಎಳೆಯನ್ನು ಊಟದ ಕಡ್ಡಿಯಲ್ಲಿ ಎತ್ತುತ್ತಾನೆ. ತುದಿ ಕಾಣುವವರೆಗೂ ಎತ್ತುತ್ತಾನೆ. ನಡುವೆ ತುಂಡಾಯಿತೋ, ಟೊಪ್ಪಿ ಹಾಕಿಕೊಂಡು ಎದ್ದು ಹೋಗುತ್ತಾನೆ. ಎಳೆ ನಿಂತರೆ ಸಂಬಂಧ, ಸಂಬಂಧ ನಿಂತರೆ ಹುಳಿನೀರು. ಇಲ್ಲವಾದರೆ ಲುವಾನ್ ತನ್ನ ಮನೆತನದಲ್ಲೇ ಅಂಗಡಿಯಿಂದ ಶ್ಯಾವಿಗೆ ತಂದು ತಿನ್ನುವ ಮೊದಲಿಗನಾಗುತ್ತಾನೆ.

ಬೆಳಿಗ್ಗೆಯೇ ಒಲೆ ಹೊತ್ತಿಸಿ, ತೂತಿನ ಸೌಟಿನಲ್ಲಿ ಹಿಟ್ಟು ತುಂಬಿ, ಕೊಪ್ಪರಿಗೆಯ ಮೇಲೆ ಹಿಡಿದು ಗುದ್ದತೊಡಗಿದ. ಎಳೆಗಳು ಚೆಂದವಾಗಿಯೇ ಇಳಿದವು. ನೀರು ಮುಟ್ಟಿದ್ದೇ ತಡ, ಕರಗಿ ಕಾಣೆಯಾದವು.

"ಏನ್ರೀ, ಬೀಗರಿಗೆ ಲೋಟ ಇಡ್ಲಾ, ಬಟ್ಟಲು ಇಡ್ಲಾ?" ಎಂದಳು ಹೆಂಡತಿ ಗುಯ್‌ಚಿನ್.

ಅಷ್ಟರಲ್ಲಿ ಬುದ್ಧಿ ಹೇಳುವವರು ಬಂದು ತುಂಬಿಕೊಂಡರು. ಚೂ ಅತ್ತೆ ಅಂಗಿಯ ಮರೆಯಿಂದ ಪೊಟ್ಟಣವೊಂದನ್ನು ತೆಗೆದಳು. "ಪಟಿಕ. ಒಂದು ಮುಷ್ಟಿ ಹಾಕು, ತಂತಿ ಹಾಗಾಗುತ್ತೆ."

"ಪಟಿಕ ಹಾಕಬಾರದು ಅಂತ ಬೋರ್ಡು ಹೊಡೆದಿದಾರೆ ಅತ್ತೆ."

"ಬೀಗರು ಬೋರ್ಡು ತಿನ್ನೋಕೆ ಬರ್ತಾರೇನೋ? ಹಾಕು."

ಮೂಲೆಮನೆಯ ದಿಂಗ್ ತಾತ, ಒಂದು ಕಾಲದಲ್ಲಿ ಊರಿನ ಕೆಲಸದ ತಂಡಕ್ಕೆಲ್ಲ ಮುಖಂಡನಾಗಿದ್ದವನು, ಕೇಳದಿದ್ದರೂ ತೀರ್ಪು ಕೊಟ್ಟ. "ಪಟಿಕ ಸಾಲಲ್ಲ. ಆಲೂಗಡ್ಡೆ ಹಿಟ್ಟು ಸೇರಿಸು. ಅರ್ಧಕ್ಕರ್ಧ. ನಮ್ಮ ಕಾಲದಲ್ಲಿ..."

"ನಿಮ್ಮ ಕಾಲದಲ್ಲಿ ತಿನ್ನೋಕೇ ಇರಲಿಲ್ಲ ತಾತ" ಎಂದಳು ಶಾವ್‌ಮಾನ್.

ಲುವಾನ್ ಎರಡನ್ನೂ ಹಾಕಿದ. ಮುಳುಗುವವನಿಗೆ ಬುದ್ಧಿ ಆರಿಸಿಕೊಳ್ಳಲು ಪುರಸೊತ್ತೆಲ್ಲಿ? ಈ ಸಲ ಶ್ಯಾವಿಗೆ ಕರಗಲಿಲ್ಲ. ಬೇಯಲೂ ಇಲ್ಲ. ಸೈಕಲ್ ಟ್ಯೂಬನ್ನು ಸೀಳಿ ಬಿಟ್ಟಂತೆ ನೀರಿನ ಮೇಲೆ ಪುಟಿಯುತ್ತಿತ್ತು. ದಿಂಗ್ ತಾತ ವಿಜಯೋತ್ಸಾಹದಿಂದ ಒಂದು ಎಳೆಯ ತುದಿ ಕಚ್ಚಿ, "ಎಳಿ ನೋಡೋಣ!" ಎಂದ. ಲುವಾನ್ ಎಳೆದ. ಎಳೆ ತುಂಡಾಗಲಿಲ್ಲ. ತಾತನ ಕಟ್ಟಿಸಿದ ಹಲ್ಲಿನ ಸೆಟ್ಟೇ ಬಾಯಿಂದ ಕಿತ್ತುಬಂದು ಲುವಾನನ ಹಣೆಗೆ ಬಡಿದು, ಕೊಪ್ಪರಿಗೆಯೊಳಗೆ ಬಿದ್ದು ಮುಳುಗಿತು.

"ಗತ್ತಿಯಾಗಿದೆ" ಎಂದ ತಾತ, ಬೊಚ್ಚುಬಾಯಲ್ಲಿ.

ಹಲ್ಲು ಹುಡುಕುವ ಗಲಾಟೆಯ ನಡುವೆ ಚೂ ಅತ್ತೆಯ ಫೋನು ಕಿರುಚಿತು. "ಸೇತುವೆ ದಾಟಿದಾರಂತೆ!"

ಲುವಾನ್ ಹಿತ್ತಲಿಗೆ ಓಡಿದ. ಬೇಲಿಯಾಚೆ ಜಿಯಾಂಗನ ಶ್ಯಾವಿಗೆ ಹಾಯಾಗಿ ಓಲಾಡುತ್ತಿತ್ತು. ಅಂಗಳದಲ್ಲಿ ಯಾರೂ ಇಲ್ಲ. ಇಡೀ ಬದುಕಿನಲ್ಲಿ ಒಂದು ಮೂಲಂಗಿಯನ್ನೂ ಕದಿಯದ ಲುವಾನ್ ಬೇಲಿ ಹಾರಿದ. ಪ್ಯಾಂಟಿನ ಒಂದು ಚೂರು ಬೇಲಿಯಲ್ಲೇ ಉಳಿಯಿತು. ಕೋಲಿನಿಂದ ಒಂದು ಕಂತೆಯನ್ನು ಜಾರಿಸಿ, ಸುತ್ತಿ, ಅಂಗಿಯೊಳಗೆ ತುರುಕಿಕೊಂಡು ತಿರುಗಿದರೆ, ಗೇಟಿನಲ್ಲಿ ಜಿಯಾಂಗನ ಹೆಂಡತಿ.

"ಏನು ಲುವಾನಣ್ಣಾ, ಮಾತು ಬಿಟ್ಟವರು ಮನೆಗೇ ಬಂದ್ಬಿಟ್ರಿ? ಹೊಟ್ಟೆ ಬೇರೆ ಬಂದಿದೆ!"

"ಗ್ಯಾಸು ಅತ್ತಿಗೆ. ಭಾರೀ ಗ್ಯಾಸು" ಎಂದ ಲುವಾನ್. ಅಂಗಿಯ ಕೆಳಗಿಂದ ಎರಡು ಎಳೆ ಮೊಣಕಾಲವರೆಗೆ ಇಳಿಬಿದ್ದಿದ್ದವು. ಅವಳು ಅದನ್ನೇ ನೋಡುತ್ತ ನಿಂತಳು. ಅವನು ಬಂದ ದಾರಿಯಲ್ಲೇ ಹಾರಿದ.

ಬೀಗರು ಹುಡುಗನ ಜೊತೆ ಬಂದು ಊಟಕ್ಕೆ ಕುಳಿತರು. ಎಲೆಕೋಸು, ಹಂದಿಮಾಂಸದ ಜೊತೆ ಬೆಂದ ಶ್ಯಾವಿಗೆ ಬಟ್ಟಲಲ್ಲಿ ಹೊಗೆಯಾಡುತ್ತಿತ್ತು. ದಪ್ಪ ಕುತ್ತಿಗೆಯ ಸೊಂಗ್ ಅಂಗಿಯ ತೋಳು ಮಡಚಿ ಕಡ್ಡಿಯಲ್ಲಿ ಒಂದು ಎಳೆ ಹಿಡಿದು ಎತ್ತಿದ. ಬಾಯಿಯ ಮಟ್ಟ ದಾಟಿತು. ಹಣೆ ದಾಟಿತು. ಸೊಂಗ್ ಎದ್ದು ನಿಂತ. ಆಮೇಲೆ ಸ್ಟೂಲು ಹತ್ತಿದ. ಎಳೆ ದೀಪದ ಬಲ್ಬಿಗೆ ತಾಗಿತು, ತುಂಡಾಗಲಿಲ್ಲ. ಕೊನೆಗೆ ತುದಿ ಕಂಡಿತು.

ಸೊಂಗ್ ಕಣ್ಣು ಮುಚ್ಚಿ ಅದನ್ನು ಬಾಯಿಗಿಳಿಸಿದ.

"ಬೀಗರೇ," ಎಂದ, ಸ್ಟೂಲಿನ ಮೇಲಿಂದಲೇ, ಕಣ್ಣಲ್ಲಿ ನೀರು. "ಇದು ಶ್ಯಾವಿಗೆ! ನಮ್ಮ ಅಪ್ಪ ಹೋದ ಮೇಲೆ ಈ ರುಚಿ ಕಂಡಿಲ್ಲ. ನನ್ನ ಯಂತ್ರ ಉಗುಳೋದು ಪ್ಲಾಸ್ಟಿಕ್ಕು, ನಾನಂತೂ ಬಾಯಿಗಿಡಲ್ಲ. ಸಂಬಂಧ ಆಯ್ತು ಅಂತ ತಿಳ್ಕೊಳ್ಳಿ!"

ಶಾವ್‌ಮಾನ್ ಮತ್ತು ಹುಡುಗ ಮೇಜಿನ ಕೆಳಗೆ ಕೈ ಹಿಡಿದುಕೊಂಡರು. ಜೋಳದ ಸಾರಾಯಿ ಸುರಿಯಿತು. ಲುವಾನ್ ಗಂಟಲು ಸರಿಮಾಡಿಕೊಂಡ. ಈಗ ಕೇಳಬೇಕು. "ಬೀಗರೇ, ಪದ್ಧತಿ ಪ್ರಕಾರ ಒಂದು ಗಡಿಗೆ..."

"ಅದನ್ನೇ ಹೇಳೋಕೆ ಹೊರಟಿದ್ದೆ!" ಸೊಂಗ್ ಅವನ ಎರಡೂ ಕೈ ಹಿಡಿದುಕೊಂಡ. "ನಾಚಿಕೆ ಬಿಟ್ಟು ಹೇಳ್ತೀನಿ. ಯಂತ್ರ ಬಂದ ದಿನವೇ ಅಪ್ಪನ ಹುಳಿನೀರನ್ನ ಮೋರಿಗೆ ಚೆಲ್ಲಿಬಿಟ್ಟೆ. ಈಗ ಹರವಿಯಲ್ಲಿ ಬೆಕ್ಕು ಮರಿ ಹಾಕಿದೆ. ನಿಮ್ಮ ಮನೇಲಿ ಹೆಣ್ಣು ಕೇಳಿದ್ದೇ ಆ ಗಡಿಗೆಗೋಸ್ಕರ. ಮದುವೆ ದಿನ ಕಳಿಸಿಕೊಡ್ತೀರಲ್ಲ?"

ಲುವಾನ್ ಚೂ ಅತ್ತೆಯ ಕಡೆ ನೋಡಿದ. "ಹರವಿ ಇದೆ ಅಂದೆ" ಎಂದು ಅವಳು ಎಲೆಕೋಸು ಬಾಯಿಗೆ ಹಾಕಿಕೊಂಡಳು. "ಒಳಗೇನಿದೆ ಅಂತ ನೀನು ಕೇಳ್ಲಿಲ್ಲ."

ಅಷ್ಟರಲ್ಲಿ ಅಡುಗೆಮನೆ ಬಾಗಿಲು ಧಡಾರನೆ ತೆರೆಯಿತು. ಜಿಯಾಂಗ್! ಒಂದು ಕೈಯಲ್ಲಿ ಖಾಲಿ ಕೋಲು, ಇನ್ನೊಂದರಲ್ಲಿ ಲುವಾನನ ಪ್ಯಾಂಟಿನ ಚೂರು. ಲುವಾನ್ ಹಾರಿ ಹೋಗಿ ಅವನನ್ನು ಒಲೆಯ ಹಿಂದಕ್ಕೆ ತಳ್ಳಿಕೊಂಡು ಹೋದ.

"ಕಳ್ಳ ನನ್ಮಗನೇ..."

"ಅಣ್ಣಾ, ಕಾಲಿಗೆ ಬೀಳ್ತೀನಿ, ಮೆಲ್ಲಗೆ. ಕೊಂಬೆ ನಿಂದೇ, ಮರಾನೂ ನಿಂದೇ. ಒಂದು ಗಡಿಗೆ ಹುಳಿನೀರು ಕೊಡು ಸಾಕು."

ಜಿಯಾಂಗನ ಕೋಪ ಇಳಿದು ಮುಖದ ಮೇಲೆ ವಿಚಿತ್ರವಾದ ಸಂಕೋಚ ಬಂತು. ಸುತ್ತ ನೋಡಿ ಪಿಸುಗುಟ್ಟಿದ. "ಯಾವ ಹುಳಿನೀರೋ ಮಾರಾಯ? ನನ್ನ ಸೊಂಟ ಬಿದ್ದು ಮೂರು ವರ್ಷ ಆಯ್ತು, ಕಾಳು ಯಾರು ಅರೀತಾರೆ? ಅಂಗಡಿಯಿಂದ ಪಾಕೀಟು ತರ್ತೀನಿ, ನೀರು ಚಿಮುಕಿಸ್ತೀನಿ, ಕೋಲಿಗೆ ತೂಗುಹಾಕ್ತೀನಿ. ಬಸ್ಸಲ್ಲಿ ಬರೋ ಪ್ರವಾಸಿಗರು ಫೋಟೋ ಹೊಡ್ಕೊಂಡು, ಅಜ್ಜನ ಕಾಲದ್ದು ಅಂತ ತಗೊಂಡು ಹೋಗ್ತಾರೆ. ಯಾರಿಗೂ ಹೇಳಬೇಡ, ನಾನೂ ಕಳ್ಳತನದ ವಿಷಯ ಹೇಳಲ್ಲ."

"ಬೀಗರೇ!" ಒಳಗಿಂದ ಸೊಂಗ್ ಕೂಗಿದ. "ಎರಡು ಕಂತೆ ಕಟ್ಟಿಕೊಡಿ! ನಾಳೆ ಕಾರ್ಖಾನೇಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋರಿಸ್ತೀನಿ, ಶ್ಯಾವಿಗೆ ಅಂದ್ರೆ ಏನು ಅಂತ!"

ಲುವಾನ್ ಜಿಯಾಂಗನನ್ನು ನೋಡಿದ. ಜಿಯಾಂಗ್ ನಿಟ್ಟುಸಿರು ಬಿಟ್ಟು ಅಂಗಡಿಯಿಂದ ಆಗತಾನೇ ತಂದಿದ್ದ ಎರಡು ಪಾಕೀಟನ್ನು ಕೋಟಿನ ಒಳಜೇಬಿನಿಂದ ತೆಗೆದು ಅವನ ಕೈಗಿಟ್ಟ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ದಪ್ಪ ಕುತ್ತಿಗೆಯ ಸೊಂಗ್ ಹೆಬ್ಬೆರಳೆತ್ತಿ ನಗುತ್ತಿದ್ದ.

"ಹುಷಾರು ಬೀಗರೇ, ತುಂಡಾಗದ ಹಾಗೆ!" ಎಂದಿತು ಒಳಗಿನ ದನಿ.

"ಇಲ್ಲ ಬೀಗರೇ, ಗಟ್ಟಿಯಾಗಿದೆ" ಎಂದು ಲುವಾನ್, ಪಾಕೀಟಿನ ಮೇಲಿನ ಬೀಗರನ್ನು ಮೂಗಿನ ಬಳಿ ಹಿಡಿದು, ಸದ್ದಾಗದಂತೆ ಉದ್ದಕ್ಕೂ ಹರಿದ.