ಬೆಳಕಿಗೆ ಹಿಡಿದ ದೊನ್ನೆ

ಯಾವುದನ್ನೂ ಪರೀಕ್ಷೆ ಮಾಡದೆ ನಂಬಬಾರದು ಎನ್ನುವುದು ಕಾನ್ವೆಂಟ್ ನನಗೆ ಅಂಟಿಸಿದ ರೋಗ. ನಮ್ಮ ಸೈನ್ಸ್ ಸಿಸ್ಟರ್ "ಟೆಸ್ಟ್ ಇಟ್, ಗರ್ಲ್ಸ್!" ಎಂದು ಮೇಜು ಕುಟ್ಟುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಮದುವೆಯಾಗಿ ಲಿಂಗಸುಗೂರಿಗೆ ಬಂದವಳು ಹಾಲು, ತುಪ್ಪ, ಗಂಡನ ಮಾತು ಮೂರನ್ನೂ ಟೆಸ್ಟ್ ಮಾಡಿದೆ. ಪಾಸಾದದ್ದು ತುಪ್ಪ ಒಂದೇ. ಆದರೆ ಆನೆಸ್ಟಾಗಿ ಹೇಳುತ್ತೇನೆ, ನನ್ನ ಜೀವನದ ದೊಡ್ಡ ಪರೀಕ್ಷೆ ನಡೆದದ್ದು ಮುತ್ತಲದ ಎಲೆಯ ದೊನ್ನೆಯ ಮೇಲೆ.

ತೊಂಬತ್ತರ ದಶಕದ ಆರಂಭ. ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ದುರುಗವ್ವ ಮತ್ತು ಐದು ಜನ ಹೆಂಗಸರು ಕೂತು, ಎಲೆಗೆ ಕಡ್ಡಿ ಚುಚ್ಚಿ ದೊನ್ನೆ ಮಾಡುತ್ತಿದ್ದರು. ಅವನ್ನೆಲ್ಲ ನಾನು ಮಸ್ಕಿಯ ಅಮರಪ್ಪನ ಖಾನಾವಳಿಗೆ ಕಳಿಸುತ್ತಿದ್ದೆ. ಒಂದು ದಿನ ಯಾವುದೋ ದೊನ್ನೆ ಸೋರಿ, ಸಾಹೇಬರೊಬ್ಬರ ಬಿಳಿ ಪ್ಯಾಂಟಿನ ಮೇಲೆ ಸಾರು ಹರಿಯಿತು. ಅಮರಪ್ಪ ಬಸ್ಸು ಹತ್ತಿ ಮನೆಗೇ ಬಂದ. "ಅಕ್ಕಾರ, ಸಿಂಧನೂರಿನಾಂವ ಒಬ್ಬ ಪ್ಲಾಸ್ಟಿಕ್ ಕಪ್ಪು ಹಿಡಕೊಂಡು ಬೆನ್ನ ಹತ್ಯಾನ. ಸಂತಿ ದಿನ ಇಬ್ಬರ ಮಾಲೂ ನೋಡ್ತೀನಿ. ನಿಮ್ಮ ದೊನ್ನಿ ಒಂದ ಹನಿ ಸೋರಿದ್ರೂ ಖೇಲ್ ಖತಂ!" ಅವನು ಹೋದ ಮೇಲೆ ದುರುಗವ್ವ ಕಡ್ಡಿ ಕೆಳಗಿಟ್ಟಳು. "ಹಂಗಾದ್ರ ಮತ್ತ ಜವಳಗೇರಾದ ಕೆಸರಾಗ ನಡಾ ಬಗ್ಗಿಸಿ ಭತ್ತ ಹಚ್ಚೂದ ನಮ್ಮ ಹಣೇಬರಾ."

ನನ್ನೊಳಗಿನ ಸಿಸ್ಟರ್ ಎದ್ದು ನಿಂತರು. ಕ್ವಾಲಿಟಿ ಕಂಟ್ರೋಲ್ ನನ್ನ ಜವಾಬ್ದಾರಿ ಎಂದು ಘೋಷಿಸಿದೆ. ಟ್ರಂಕಿನ ತಳದಲ್ಲಿ ಶಾಲೆಯ ದಿನಗಳ ಬ್ಲಾಟಿಂಗ್ ಪೇಪರ್ ಇತ್ತು. ಅದರ ಮೇಲೆ ಒಂದೊಂದೇ ದೊನ್ನೆ ಇಟ್ಟು, ನೀರು ತುಂಬಿ, ಗಂಡನ ಗಡಿಯಾರ ಹಿಡಿದು ಐದೈದು ನಿಮಿಷ ಕಾದೆ. ಕಾಗದ ಒದ್ದೆಯಾದರೆ ಫೇಲ್, ಒಣಗಿದ್ದರೆ ಪಾಸ್. ಪಾಸಾದವನ್ನು ಧೂಳು ತಾಗಬಾರದೆಂದು ಅದೇ ಟ್ರಂಕಿನಲ್ಲಿ ಒತ್ತಿ ಜೋಡಿಸಿ, ಬೀಗ ಹಾಕಿದೆ. ಇಂಥ ಶಿಸ್ತನ್ನು ಜಿಲ್ಲೆಯೇ ಕಂಡಿರಲಿಕ್ಕಿಲ್ಲ ಎಂದು ಒಳಗೊಳಗೇ ಬೀಗಿದೆ.

ಸಂತೆಗೆ ಎರಡು ದಿನ ಮೊದಲು ಬೀಗ ತೆಗೆದರೆ, ಪಾಸಾದ ದೊನ್ನೆಗಳೆಲ್ಲ ಬಿಳಿ ಬೂಸ್ಟು ಹೊದ್ದು ಮಲಗಿದ್ದವು. ಫೇಲಾದವು ಮಾತ್ರ ಅಂಗಳದ ಬಿಸಿಲಲ್ಲಿ ಗರಿಗರಿಯಾಗಿ ಬಿದ್ದಿದ್ದವು. ದುರುಗವ್ವ ಗಲ್ಲದ ಮೇಲೆ ಕೈಯಿಟ್ಟಳು. "ಎಲಿಗೆ ಜಳಕಾ ಮಾಡಿಸಿ, ಮೈ ಒರಸದ ಪೆಟ್ಟಿಗ್ಯಾಗ ಮಲಗಿಸೀರೇನ್ರೀ? ಥಂಡಿ ಹತ್ತಿ ಸತ್ತಾವ ಪಾಪ!"

ನಾನು ತಲೆ ತಗ್ಗಿಸಿದೆ. ಆಕೆ ಬೈಯಲಿಲ್ಲ. ಫೇಲಾದ ಒಂದು ದೊನ್ನೆ ಎತ್ತಿ, ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿದಳು. ತಳದಲ್ಲಿ ಸಾಸಿವೆಯಷ್ಟು ಬೆಳಕು. "ಬೆಳಕು ಸೋರಿದ್ರ ಸಾರೂ ಸೋರ್ತದ, ಅಕ್ಕಾರ. ಇದಕ್ಕ ನೀರ್ಯಾಕ?" ಅಲ್ಲಿಗೊಂದು ಎಲೆಯ ತೇಪೆ ಇಟ್ಟು ಕಡ್ಡಿ ಚುಚ್ಚಿದಳು. ಎರಡು ದಿನ ಹಗಲೆಲ್ಲ ಅವರು ಹೊಲಿದರು, ನಾನು ಅಂಗಳದಲ್ಲಿ ದೊನ್ನೆ ಎತ್ತಿ ಹಿಡಿದು ಒಕ್ಕಣ್ಣಿನಿಂದ ಆಕಾಶ ನೋಡಿದೆ. ಬೀದಿಯವರು ಗ್ರಹಣವೆಂದು ತಿಳಿದು ಮೇಲೆ ನೋಡಿದ್ದೂ ಉಂಟು.

ಸಂತೆಯ ದಿನ ಖಾನಾವಳಿಯಲ್ಲಿ ಜನವೋ ಜನ. ನಾನು ಹಟದಿಂದ ದೊನ್ನೆಯ ಕೆಳಗೆ ಉಳಿದಿದ್ದ ಬ್ಲಾಟಿಂಗ್ ಪೇಪರ್ ಹಾಸಿದೆ. ಅಮರಪ್ಪ ಕೊತಕೊತ ಕುದಿಯುವ ಸಾರನ್ನು ನಮ್ಮ ದೊನ್ನೆಗೂ ಸಿಂಧನೂರಿನವನ ಕಪ್ಪಿಗೂ ಸುರಿದ. ದೊನ್ನೆ ಮಿಸುಕಲಿಲ್ಲ. ಪ್ಲಾಸ್ಟಿಕ್ ಕಪ್ಪು ಮೆಲ್ಲಗೆ ಸೊಂಟ ಬಳುಕಿಸಿ, ಬಾಯಿ ಸೊಟ್ಟ ಮಾಡಿ, ಮೇಜಿನ ಮೇಲೆಲ್ಲ ಸಾರು ಕಾರಿತು. "ಸ್ವಲ್ಪ ಆರಿಸಿ ಹಾಕ್ರೀ," ಎಂದ ಸಿಂಧನೂರಿನವನು. "ಆರಿದ ಸಾರು ಉಣ್ಣಾಕ ನನ್ನ ಖಾನಾವಳಿಗ್ಯಾಕ ಬರ್ತಾರೋ? ಮನ್ಯಾಗ ಸಿಗಂಗಿಲ್ಲೇನು?" ಎಂದ ಅಮರಪ್ಪ. ಖಾನಾವಳಿಯೇ ನಕ್ಕಿತು. ದುರುಗವ್ವ ದೊನ್ನೆ ಸರಿಸಿ, ಒಣಗಿದ್ದ ನನ್ನ ಕಾಗದವನ್ನು ಬಾವುಟದಂತೆ ಎತ್ತಿ ಎಲ್ಲರಿಗೂ ತೋರಿಸಿದಳು. "ಅಕ್ಕಾರ ಪೇಪರೂ ಪಾಸ್!" ವಾಪಸು ಬಸ್ಸಿನಲ್ಲಿ ಏಳು ಹೆಂಗಸರು ಮಾಡಿದ ಗದ್ದಲಕ್ಕೆ ಕಂಡಕ್ಟರ್ ಟಿಕೆಟ್ ಕೇಳುವುದನ್ನೇ ಮರೆತಿದ್ದ.

ಈಗಲೂ ಮದುವೆಯ ಪಂಕ್ತಿಯಲ್ಲಿ ದೊನ್ನೆ ಬಂದರೆ ಸಾಕು, ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ದುರುಗವ್ವ ಇಲ್ಲ, ಅಭ್ಯಾಸ ಉಳಿದಿದೆ. ಆದರೆ ಕಣ್ಣಿಗೆ ಪೊರೆ ಬಂದಾಗಿನಿಂದ ಯಾವ ದೊನ್ನೆಯಲ್ಲೂ ಬೆಳಕು ಸೋರುತ್ತಿಲ್ಲ. ಎಲ್ಲಕ್ಕೂ ಫುಲ್ ಮಾರ್ಕ್ಸ್ ಕೊಡುತ್ತೇನೆ. ಮೊನ್ನೆ ಹಾಗೆ ಪಾಸು ಮಾಡಿದ್ದೊಂದರ ಸಾರಿನ ಕಲೆ ಇನ್ನೂ ನನ್ನ ರೇಷ್ಮೆ ಸೀರೆಯ ಮಡಿಲಲ್ಲಿದೆ.