ಏಳನೆಯದು ನನ್ನದಲ್ಲ

ಹತ್ತೊಂಬತ್ತು ಕ್ಯಾಸೆಟ್ ಹಾಡಿದ ಮನುಷ್ಯನಿಗೆ ಕುತ್ತು ಬಂದದ್ದು ಒಂದೇ ಒಂದು ಸಿ.ಡಿ.ಯಿಂದ.

ಅದರ ಹೆಸರು 'ಆಯ್ದ ಹನ್ನೆರಡು'. ಗಾಯಕರ ಮೂವತ್ತು ವರ್ಷದ ದುಡಿಮೆಯನ್ನೆಲ್ಲ ಜರಡಿ ಹಿಡಿದು ಹನ್ನೆರಡು ಹಾಡು ಉಳಿಸಿಕೊಂಡು ಕಂಪನಿಯವರು ಹೊರತಂದಿದ್ದರು. ಕೆಳಗೆ ಉದುರಿದ ಹಾಡುಗಳು ಏನಾದವು ಎಂದು ಜರಡಿಯನ್ನು ಯಾರೂ ಕೇಳುವುದಿಲ್ಲ, ಗಾಯಕರೂ ಕೇಳಲಿಲ್ಲ. ಅದಕ್ಕೆ ಕಾರಣವಿತ್ತು. "ಇದೊಂದು ಓಡಲಿ ಸಾರ್, ಆಮೇಲೆ ನಿಮ್ಮ ಹೊಸ ಹಾಡುಗಳನ್ನ ರೆಕಾರ್ಡ್ ಮಾಡೋಣ" ಎಂದು ಕಂಪನಿಯ ಯಜಮಾನ ಮಾತು ಕೊಟ್ಟಿದ್ದ. ಆ ಹೊಸ ಹಾಡುಗಳು ಹೊಸದಾಗಿ ಎಷ್ಟೋ ವರ್ಷವಾಗಿತ್ತು. ಅವನ್ನು ಹಾಡದೆಯೇ ಸತ್ತುಹೋದರೆ ಎಂಬ ಭಯ ಗಾಯಕರಿಗೆ ಈಚೆಗೆ ಊಟಕ್ಕೆ ಕೂತಾಗಲೂ ಬರುತ್ತಿತ್ತು.

ಸಿ.ಡಿ. ಅಂಗಡಿಗೆ ಬಂದು ವಾರವಾದ ಮೇಲೆ, ಎಲ್ಲರಿಗೂ ತಲುಪಿ ಉಳಿದಿದ್ದರಲ್ಲಿ ಒಂದು ಪ್ರತಿ ಇವತ್ತು ಬೆಳಿಗ್ಗೆ ಗಾಯಕರಿಗೂ ತಲುಪಿತು. ಅವರು ಸ್ನಾನ ಮಾಡಿ, ತಲೆ ಬಾಚಿಕೊಂಡು, ತಮ್ಮನ್ನು ತಾವೇ ಕೇಳಲು ಕೂತರು.

ಮೊದಲ ಆರು ಹಾಡು ಸೊಗಸಾಗಿದ್ದವು. ಪ್ರತಿ ಸಾಲಿನ ಕೊನೆಯಲ್ಲೂ ಅವರ ದನಿ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ, ನಡುಗುತ್ತಿತ್ತು. ಆ ನಡುಕ ಅವರ ಸಾಧನೆ. ಅದಕ್ಕಾಗಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೇಳಿಸಿಕೊಂಡ ಮನೆಯವರು ಪಟ್ಟದ್ದೂ ಕಡಿಮೆಯಲ್ಲ.

ಏಳನೆಯದು ಶುರುವಾಯಿತು. ವಾದ್ಯವಿಲ್ಲ, ಮಾತಿಲ್ಲ. ಯಾರೋ ಒಬ್ಬ ಬಾಯಿ ಮುಚ್ಚಿಕೊಂಡು ಸುಮ್ಮನೆ ಗುನುಗುತ್ತಿದ್ದ. ಗಾಯಕರ ಮೈಮೇಲೆ ಮುಳ್ಳೆದ್ದಿತು. ಕಣ್ಣು ತಾನಾಗಿ ಮುಚ್ಚಿತು. ಅಷ್ಟರಲ್ಲಿ, ಎಲ್ಲೂ ನಡುಕವೇ ಇಲ್ಲವಲ್ಲ ಎಂಬುದು ಹೊಳೆದು, ಮುಚ್ಚಿದ ಕಣ್ಣು ಕೆಂಡವಾಗಿ ತೆರೆಯಿತು.

"ಯಾವನೋ ಇವನು!" ಎಂದು ಗುಂಡಿ ಒತ್ತಿ ನಿಲ್ಲಿಸಿದರು.

ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದರು. "ಯಾಕ್ರೀ ನಿಲ್ಲಿಸಿದ್ರಿ? ಕೊನೇವರೆಗೂ ಕೇಳಿ."

"ಏನು ಕೇಳೋದು? ಇದು ನಾನಲ್ಲ! ಯಾರದೋ ಹಾಡು ತಂದು ನನ್ನ ಹಾಡುಗಳ ಮಧ್ಯೆ ತುರುಕಿದ್ದಾರೆ."

"ರೀ, ನಾನು ಹೇಳೋದು ಸ್ವಲ್ಪ..."

"ನಿನಗೆ ಸಂಗೀತ ಏನು ಗೊತ್ತು? ಸುಮ್ಮನಿರು."

ಆ ಮನೆಯಲ್ಲಿ ಗಾಯಕರ ಯಾವ ಹಾಡಿಗಿಂತಲೂ ಹೆಚ್ಚು ಸಲ ಕೇಳಿಬಂದ ಸಾಲು ಇದು. ಹೆಂಡತಿ ಸುಮ್ಮನಾದರು. ಅವರ ಸಾಧನೆಯೂ ಮೂವತ್ತು ವರ್ಷದ್ದೇ.

ಗಾಯಕರು ಚಪ್ಪಲಿ ಮೆಟ್ಟಿ ಕಂಪನಿಗೆ ಹೊರಟರು. ಬಾಗಿಲಲ್ಲೇ ಕೆಳಮನೆಯ ಕ್ಷೌರಿಕ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ಒಳಗೆ ಕ್ಯಾಸೆಟ್‌ಗಳು. ಒಂದೊಂದರ ಮೇಲೂ 'ಪ್ರೀತಿಯಿಂದ' ಎಂದು ಗಾಯಕರೇ ಬರೆದುಕೊಟ್ಟ ಸಹಿ.

"ಇದೇನಪ್ಪಾ?"

"ಸಿ.ಡಿ. ತಗೊಂಡೆನಲ್ಲ ಗಾಯಕರೇ. ಒಳ್ಳೇದೆಲ್ಲ ಅದರಲ್ಲೇ ಬಂದಿದೆ. ಇನ್ನು ಇವೆಲ್ಲ ಯಾಕೆ, ಜಾಗಕ್ಕೆ ದಂಡ. ಬಿಸಾಡೋಣ ಅಂದ್ರೆ ನಿಮ್ಮ ಸಹಿ ಬೇರೆ ಇದೆ, ಮನಸ್ಸು ಬರಲಿಲ್ಲ."

"ಆದ್ರೆ ಇವುಗಳಲ್ಲಿ ಎಷ್ಟೋ ಹಾಡು ಆ ಸಿ.ಡಿ.ಲಿ ಇಲ್ವಲ್ಲಪ್ಪಾ!"

"ಹೌದು, ಅದಕ್ಕೇ ಸಿ.ಡಿ. ಚೆನ್ನಾಗಿರೋದು" ಎಂದ ಕ್ಷೌರಿಕ, ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿಲ್ಲದೆ. "ಆ ಏಳನೇದು ಇದೆ ನೋಡಿ! ಮಿಕ್ಕಿದ್ದೆಲ್ಲ ಒಂದು ತೂಕ, ಅದೇ ಒಂದು ತೂಕ. ನಿನ್ನೆ ಅಂಗಡೀಲಿ ಹಾಕಿದ್ದೆ. ಒಬ್ಬ ಗಿರಾಕಿ ಅರ್ಧ ಮೀಸೆ ತೆಗೆಸಿಕೊಂಡೋರು, ಮುಗಿಯೋವರೆಗೂ ಕತ್ತರಿ ಮುಟ್ಟಬೇಡ ಅಂದ್ಬಿಟ್ರು."

ಗಾಯಕರು ಚೀಲ ಇಸಿದುಕೊಂಡು ಒಳಗಿಟ್ಟು, ಮೆಟ್ಟಿಲಿಳಿಯುವಷ್ಟರಲ್ಲಿ ಎದುರುಮನೆಯ ಟೀಚರಮ್ಮ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ಹತ್ತುತ್ತಿದ್ದರು.

"ಅಣ್ಣಾ, ನಿಮ್ಮ ದಯದಿಂದ ನಮ್ಮ ಕಪಾಟು ಖಾಲಿ ಆಯ್ತು! ಎಷ್ಟು ದಿನದಿಂದ ಒಂದಷ್ಟು ಜಾಗ ಬೇಕಾಗಿತ್ತು ಗೊತ್ತಾ?" ಪೆಟ್ಟಿಗೆಯನ್ನು ಗಾಯಕರ ಕೈಗೇ ಒಪ್ಪಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. "ಏಳನೇದರಲ್ಲಿ ನೀವು ನಡುಗೋದೇ ಇಲ್ವಲ್ಲಣ್ಣಾ! ಆರೋಗ್ಯ ಚೆನ್ನಾಗಿದ್ದಾಗ ಹಾಡಿದ್ದು ಅನ್ಸುತ್ತೆ."

ಕ್ಯಾಸೆಟ್ ತುಂಬಿದ ಆ ಪೆಟ್ಟಿಗೆಯನ್ನೂ ಒಳಗಿಟ್ಟು, ಹಲ್ಲು ಕಚ್ಚಿಕೊಂಡೇ ಗಾಯಕರು ಕಂಪನಿ ಸೇರಿದರು. ಬಾಗಿಲ ಕಾವಲಿನವನು ಏಳನೆಯದನ್ನೇ ಗುನುಗುತ್ತ ಅವರಿಗೆ ಸಲಾಮು ಹೊಡೆದ.

ಯಜಮಾನ ಕುರ್ಚಿ ಬಿಟ್ಟೆದ್ದು ಬಂದು ಅವರನ್ನು ತಬ್ಬಿಕೊಂಡ. ಹಿಂದಿನ ಮೂವತ್ತು ವರ್ಷಗಳಲ್ಲಿ ಅವನು ಅವರಿಗಾಗಿ ಕುರ್ಚಿಯಿಂದ ಎದ್ದದ್ದಿಲ್ಲ. "ಸಾರ್! ಎಲ್ಲಿ ಹೋದ್ರೂ ಏಳನೇದು ಏಳನೇದು ಅಂತಾರೆ. ಮುಂದಿನ ವಾರವೇ ನಿಮ್ಮ ಹೊಸ ಆಲ್ಬಂ ಶುರು ಮಾಡೋಣ. ಏಳನೇದರ ತರಹ ಸರಳವಾಗಿರಲಿ, ಅಷ್ಟು ಸಾಕು."

ಇಲ್ಲಿ ಬುದ್ಧಿಯಿದ್ದ ಯಾವನೇ ಆದರೂ 'ಆಗಲಿ' ಎಂದು ಹೇಳಿ, ಚಹಾ ಕುಡಿದು, ಮನೆಗೆ ಹೋಗುತ್ತಿದ್ದ. ಗಾಯಕರ ಬಾಯಲ್ಲೂ ಆ ಮಾತು ಬಂದಿತ್ತು. ಆದರೆ ಹೊಟ್ಟೆಯೊಳಗಿನ ಕಿಚ್ಚು ಬಾಯಿಗಿಂತ ಮುಂದಿತ್ತು. ತಾನು ಬೆವರು ಸುರಿಸಿ ಗಳಿಸಿದ ನಡುಕಕ್ಕೆ ಯಾರೂ ಒಂದು ಮಾತು ಆಡಲಿಲ್ಲ. ಯಾವನೋ ಅನಾಮಧೇಯ ಬಾಯಿ ಕೂಡ ತೆರೆಯದೆ ಊರನ್ನೇ ಗೆದ್ದುಬಿಟ್ಟಿದ್ದ.

"ಅದು ನಂದಲ್ಲ" ಎಂದರು.

ಯಜಮಾನ ನಕ್ಕ. "ದೊಡ್ಡೋರ ವಿನಯ!"

"ವಿನಯವೂ ಇಲ್ಲ, ಮಣ್ಣೂ ಇಲ್ಲ. ನಂದಲ್ಲ ಅಂದ್ರೆ ನಂದಲ್ಲ. ನನ್ನ ಗಂಟಲಾಣೆ!"

"ಹಳೇ ಟೇಪಿನ ಡಬ್ಬಿ ಮೇಲೆ ನಿಮ್ಮ ಹೆಸರೇ ಇತ್ತಲ್ಲ ಸಾರ್."

"ಡಬ್ಬಿಗೇನು ಸ್ವರಜ್ಞಾನ ಇರುತ್ತಾ? ನನ್ನ ದನಿ ನನಗೆ ಗೊತ್ತಿಲ್ವಾ? ಅದನ್ನ ಕಿತ್ತು ಬಿಸಾಡ್ರಿ. ಹನ್ನೊಂದೇ ಇರಲಿ, ನನ್ನವು ಇರಲಿ."

ಗಂಟಲಾಣೆ ಕೇಳಿ ಯಜಮಾನನ ನಗು ಇಳಿಯಿತು. ಆ ಹಳೇ ಟೇಪಿನ ಕಾಲದಲ್ಲಿ ಕಂಪನಿಯ ಸ್ಟುಡಿಯೋದಲ್ಲಿ ಹಾಡುತ್ತಿದ್ದವರು ಇಬ್ಬರೇ: ಇವರು, ಮತ್ತೆ ಇವರ ಜನ್ಮವೈರಿ, ಮೂಗಿನಲ್ಲಿ ಹಾಡುವುದರಿಂದ ಎಲ್ಲರೂ 'ಮೂಗಪ್ಪ' ಎನ್ನುತ್ತಿದ್ದ ಗಾಯಕ. ಯಜಮಾನ ಕೂಡಲೇ ಮೂಗಪ್ಪನಿಗೆ ಫೋನು ಹಚ್ಚಿ, ಏಳನೆಯದನ್ನು ಒಂದಷ್ಟು ಕೇಳಿಸಿದ.

"ಅಯ್ಯೋ, ಇದು ಎಲ್ಲಿ ಸಿಕ್ತು ನಿಮಗೆ?" ಎಂದ ಮೂಗಪ್ಪ. "ಹಾಡಿದ್ದು ನಾನೇ ಮರೆತುಬಿಟ್ಟಿದ್ದೆ!"

ಅವನ ದನಿಯಲ್ಲಿ ಅಳು ತುಂಬಿತ್ತೆಂದು ಯಜಮಾನನಿಗೆ ಅನ್ನಿಸಿತು. ಆದರೆ ಮೂಗಪ್ಪ ಹಾಲು ಬೇಕೆಂದು ಕೇಳಿದರೂ ಹಾಗೇ ಕೇಳಿಸುತ್ತದೆ.

"ಬಾಯಿ ಮುಚ್ಚಿ ಗುನುಗಿದ್ರೆ ಮೂಗಿಂದಲೇ ತಾನೇ ಬರಬೇಕು? ನನಗೆ ಮೊದಲೇ ಹೊಳೀಬೇಕಿತ್ತು" ಎಂದು ಯಜಮಾನ ಹಣೆ ಬಡಿದುಕೊಂಡ. "ನಿಮ್ಮಂಥ ಪ್ರಾಮಾಣಿಕರು ಸಿಗೋದಿಲ್ಲ ಸಾರ್."

"ನನ್ನ ಹೊಸ ಹಾಡುಗಳು?"

"ಈಗ ಅವರದ್ದೊಂದು ಮುಗಿಸಿಬಿಡೋಣ. ಆಮೇಲೆ ನಾನೇ ಹೇಳಿ ಕಳಿಸ್ತೀನಿ."

ಹೇಳಿ ಕಳಿಸುತ್ತೇನೆ ಎಂದವರು ಯಾರನ್ನೂ ಕಳಿಸುವುದಿಲ್ಲ ಎಂಬುದು ಗೊತ್ತಿದ್ದೂ ಗಾಯಕರು ತಲೆಯಾಡಿಸಿದರು.

ಸಂಜೆ ಮನೆ ಮುಟ್ಟಿದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಔಷಧಿ ಅಂಗಡಿಯವರು, ಮೇಲಿನ ಮಹಡಿಯವರು, ಸ್ವಂತ ಭಾವಮೈದ, ಎಲ್ಲರೂ ಕ್ಯಾಸೆಟ್ ತಂದು ಸುರಿದು ಹೋಗಿದ್ದರು. ಹೆಂಡತಿ ನಡುವೆ ಕೂತು ಒಂದರ ಮೇಲೊಂದು ಜೋಡಿಸುತ್ತಿದ್ದರು. ಗಾಯಕರು ಒಂದು ರಾಶಿಯ ಪಕ್ಕ ಕುಸಿದು ಕೂತು, ನಡೆದದ್ದನ್ನೆಲ್ಲ ಹೇಳಿದರು.

ಹೆಂಡತಿ ಎದ್ದು ಸಿ.ಡಿ. ಹಾಕಿ, ಏಳನೆಯದಕ್ಕೆ ತಂದು ನಿಲ್ಲಿಸಿದರು. "ಈಗಲಾದ್ರೂ ಬಾಯಿ ಮುಚ್ಕೊಂಡು ಕೊನೇವರೆಗೂ ಕೇಳಿ."

ಗುನುಗು ಶುರುವಾಯಿತು. ಏರಿತು, ಇಳಿಯಿತು, ಆರುವ ದೀಪದ ಹಾಗೆ ಸಣ್ಣಗಾಯಿತು. ಇನ್ನೇನು ಮುಗಿಯಿತು ಎನ್ನುವಾಗ ಮರದ ಮೇಜಿನ ಮೇಲೆ ಲೋಟ ಇಟ್ಟ ಸದ್ದು: ಠಣ್. ಅದರ ಹಿಂದೆಯೇ ಬಳೆಯ ಸದ್ದು.

"ಆ ಲೋಟ ಯಾರಿಟ್ಟಿದ್ದು ಗೊತ್ತಾ? ನಾನು" ಎಂದರು ಹೆಂಡತಿ. "ನಿಮ್ಮ ಮೊದಲನೇ ಕ್ಯಾಸೆಟ್. ಗಂಟಲು ಕಟ್ಟಿದೆ ಅಂತ ಸ್ಟುಡಿಯೋಗೆ ಬಿಸಿನೀರು ತಂದಿದ್ದೆ. ತಬಲದೋನು ಇನ್ನೂ ಬಂದಿರಲಿಲ್ಲ. ಕೈಗೂಸು ಮಗಳು ಒಂದೇ ಸಮ ಅತ್ತು ಆಗಷ್ಟೇ ತಣ್ಣಗಾಗಿದ್ಲು, ಮಲಗಲಿ ಅಂತ ನೀವು ಹೆಗಲ ಮೇಲೆ ಹಾಕ್ಕೊಂಡು ಗುನುಗ್ತಿದ್ರಿ. ರೆಕಾರ್ಡಿಂಗ್ ಮಿಷನ್ ಓಡ್ತಿದೆ ಅಂತ ನಿಮಗೆ ಗೊತ್ತೇ ಇರಲಿಲ್ಲ. ಅವಳು ಮಲಗಿದ ಮೇಲೆ ನಾನು ಲೋಟ ಇಟ್ಟೆ. ಸದ್ದು ಮಾಡಿದೆ ಅಂತ ದುರುಗುಟ್ಟಿ ನೋಡಿದ್ರಿ." ಮತ್ತೊಂದು ಕ್ಯಾಸೆಟ್ ಜೋಡಿಸುತ್ತ ಸೇರಿಸಿದರು, "ನಡುಗೋದು ಆಗಿನ್ನೂ ಕಲಿತಿರಲಿಲ್ಲ ನೀವು."

ಗಾಯಕರಿಗೆ ಅಳು ಬಂತು. ತನ್ನ ಜೀವಮಾನದ ಒಂದೇ ಒಳ್ಳೆಯ ಹಾಡನ್ನು ತಾನೇ ಆಣೆಯಿಟ್ಟು ವೈರಿಯ ಮಡಿಲಿಗೆ ಹಾಕಿ ಬಂದಿದ್ದರು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ. ನನಗೆ ಸಂಗೀತ ಏನು ಗೊತ್ತು?"

ಗಾಯಕರು ಯಜಮಾನನಿಗೆ ಫೋನು ಮಾಡಿದರು. ಅದು ನನ್ನದೇ ಎಂದರು. ಮಗಳೆಂದರು, ಬಿಸಿನೀರೆಂದರು, ಲೋಟವೆಂದರು. "ನನ್ನ ಹೆಂಡತಿನೇ ಸಾಕ್ಷಿ!"

"ಹೆಂಡತಿ ಸಾಕ್ಷಿ ಯಾವ ಗಂಡನಿಗೆ ಸಿಗಲ್ಲ ಸಾರ್? ಬೆಳಿಗ್ಗೆ ನಂದಲ್ಲ ಅಂತ ಗಂಟಲಾಣೆ ಹಾಕಿದ್ರಿ. ಇನ್ನೊಬ್ರಿಗೆ ಹೆಸರು ಬರುತ್ತೆ ಅಂದ ಕೂಡಲೇ ನಂದೇ ಅಂತೀರಿ."

"ತಡೀರಿ, ಈಗಲೇ ಗುನುಗಿ ತೋರಿಸ್ತೀನಿ."

ಗಾಯಕರು ಕಣ್ಣು ಮುಚ್ಚಿದರು, ಬಾಯಿ ಮುಚ್ಚಿದರು, ಗುನುಗಿದರು. ಮೊದಲ ಸಾಲು ನೇರವಾಗಿಯೇ ಹೊರಟಿತು. ಕೊನೆಗೆ ಬರುವಷ್ಟರಲ್ಲಿ ಮೂವತ್ತು ವರ್ಷದ ಸಾಧನೆ ಕೈಬಿಡಲಿಲ್ಲ. ಮುಚ್ಚಳ ಗಡಗಡ ನಡುಗಿತು.

"ಸಾಕು ಬಿಡಿ ಸಾರ್" ಎಂದ ಯಜಮಾನ, ತುಸು ಕನಿಕರದಿಂದಲೇ. "ಇದು ನೀವೇ. ಅದು ನೀವಲ್ಲ."

ಫೋನಿಡುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಕ್ಷೌರಿಕ. ಸುದ್ದಿ ಯಾವಾಗಲೂ ಗಡ್ಡಕ್ಕಿಂತ ಮೊದಲು ಅವನ ಅಂಗಡಿ ತಲುಪುತ್ತಿತ್ತು.

"ಏಳನೇದು ನಿಮ್ಮದಲ್ಲವಂತೆ ಗಾಯಕರೇ, ನೀವೇ ಹೇಳಿದ್ರಂತೆ. ದೊಡ್ಡ ಮನಸ್ಸು ನಿಮ್ಮದು." ಎರಡೂ ಕೈಯಲ್ಲಿ ಹಿಡಿದು 'ಆಯ್ದ ಹನ್ನೆರಡ'ನ್ನು ಮುಂದೆ ಚಾಚಿದ. "ಮೂಗಪ್ಪನೋರದ್ದು ಬರುತ್ತಂತಲ್ಲ, ನನಗೆ ಅದೊಂದಿದ್ರೆ ಸಾಕು. ಇದು ನಿಮ್ಮ ಹತ್ರಾನೇ ಇರಲಿ."

ಗಾಯಕರು ಇಸಿದುಕೊಂಡು ರಾಶಿಯ ಮೇಲಿಟ್ಟರು. ಕ್ಷೌರಿಕ ಏಳನೆಯದನ್ನು ಗುನುಗುತ್ತ ಮೆಟ್ಟಿಲಿಳಿದು ಹೋದ. ಕದಕ್ಕೆ ಒರಗಿ, ಎಲ್ಲಾದರೂ ತಪ್ಪುತ್ತಾನೇನೋ ಎಂದು ಗಾಯಕರು ಕೊನೆಯವರೆಗೂ ಕಿವಿಗೊಟ್ಟು ಕೇಳಿದರು. ಅವನು ಎಲ್ಲೂ ತಪ್ಪಲಿಲ್ಲ.